ಇಪ್ಪತ್ತೈದು ಕಚ್ಚಿನ ಬಾಟಲಿ

ನಮ್ಮ ಬಚ್ಚಲುಮನೆಯ ಗೂಡಿನಲ್ಲಿ ಹರಳೆಣ್ಣೆ ತುಂಬಿದ ಒಂದು ವೈನ್ ಬಾಟಲಿ ಇದೆ. ಕೈ ತೊಳೆಯಲು ಒಳಗೆ ಹೋದ ನೆಂಟರು ಸ್ವಲ್ಪ ತಡವಾಗಿ ಹೊರಗೆ ಬರುತ್ತಾರೆ. ಬಂದವರು ನನ್ನ ಮುಖವನ್ನೊಮ್ಮೆ, ನನ್ನ ಹೆಂಡತಿ ಸುಶೀಲಳ ಮುಖವನ್ನೊಮ್ಮೆ ನೋಡಿ, ವಿಜಯನಗರದ ಟ್ರಾಫಿಕ್ಕಿನ ಮಾತು ತೆಗೆಯುತ್ತಾರೆ. ಬಾಟಲಿಯ ಬಗ್ಗೆ ಇದುವರೆಗೆ ಯಾರೂ ಬಾಯಿಬಿಟ್ಟು ಕೇಳಿಲ್ಲ. ಬೆಳಗ್ಗೆ ಐದಕ್ಕೆ ಏಳುವ, ಐದೂ ಇಪ್ಪತ್ತಕ್ಕೆ ವಾಕಿಂಗ್ ಹೊರಡುವ, ಕಾಫಿಯ ಲೋಟ ಮೇಜಿನ ಬಲತುದಿಯಲ್ಲಿಲ್ಲದಿದ್ದರೆ ಕಸಿವಿಸಿಗೊಳ್ಳುವ ಎಪ್ಪತ್ತೈದರ ಮುದುಕನನ್ನು ಅಂಥ ಪ್ರಶ್ನೆ ಕೇಳುವುದು ಹೇಗೆ? ನೀವೂ ಕೇಳಲಾರಿರಿ. ಆದ್ದರಿಂದ ನಾನೇ ಹೇಳಿಬಿಡುತ್ತೇನೆ.

ಆ ಬಾಟಲಿಯ ಮೈಗೆ ಮೇಲಿಂದ ಕೆಳಗಿನವರೆಗೆ ಒಂದು ಬಿಳಿ ಕಾಗದದ ಪಟ್ಟಿ ಅಂಟಿಸಿದೆ. ಪಟ್ಟಿಯ ಅಂಚಿನಲ್ಲಿ ಇಪ್ಪತ್ತೈದು ಕಚ್ಚುಗಳಿವೆ. ನಿಮಗೆ ಅರವತ್ತು ದಾಟಿದ್ದರೆ ಆ ಪಟ್ಟಿ ಏನೆಂದು ವಿವರಿಸಬೇಕಾಗಿಲ್ಲ. ದಾಟಿಲ್ಲವಾದರೆ ಕೇಳಿ. ಮಾಗಡಿ ರಸ್ತೆಯ ಒಂದು ಸಣ್ಣ ದವಾಖಾನೆಯಲ್ಲಿ ನಾನು ಮೂವತ್ತಾರು ವರ್ಷ ಕಾಂಪೌಂಡರ್ ಆಗಿದ್ದೆ. ಡಾಕ್ಟರು ಚೀಟಿ ಬರೆಯುವರು, ನಾನು ಮಿಕ್ಸ್ಚರ್ ಬೆರೆಸುವೆ. ಬಾಟಲಿಯನ್ನು ರೋಗಿಗಳೇ ತರಬೇಕು, ತೊಳೆದು ತರಬೇಕು. ತಲೆಗೆಣ್ಣೆಯ ಬಾಟಲಿ ತಂದವರನ್ನು ನಾನು ವಾಪಸು ಕಳಿಸುತ್ತಿದ್ದೆ. ಔಷಧಿ ತುಂಬಿದ ಮೇಲೆ, ಉದ್ದನೆಯ ಕಾಗದದ ಚೂರನ್ನು ಎಷ್ಟು ಡೋಸೋ ಅಷ್ಟು ಮಡಿಕೆ ಮಡಿಸಿ, ಮೂಲೆಯನ್ನು ಕತ್ತರಿಯಿಂದ ಒಂದೇ ಏಟಿಗೆ ಕತ್ತರಿಸಿ, ಬಿಡಿಸಿದರೆ ಅಂಚಿನಲ್ಲಿ ಹಲ್ಲುಹಲ್ಲಾಗಿ ಕಚ್ಚು ಬೀಳುತ್ತಿತ್ತು. ಅದನ್ನು ಗೋಂದಿನಲ್ಲಿ ಬಾಟಲಿಗೆ ಅಂಟಿಸುವುದು. ಹೊತ್ತಿಗೆ ಒಂದು ಕಚ್ಚು. ಓದು ಬಾರದವರಿಗೂ ತಪ್ಪುವಂತಿಲ್ಲ. ನನ್ನ ಕಚ್ಚುಗಳು ಒಂದರಂತೆ ಒಂದು ಇರುತ್ತಿದ್ದವು ಎಂದು ಹೇಳಿಕೊಳ್ಳಲು ನನಗೆ ಈಗಲೂ ನಾಚಿಕೆಯಿಲ್ಲ.

ಈ ಅಳತೆಯ ಹುಚ್ಚು ನನಗೆ ತಂದೆಯಿಂದ ಬಂದದ್ದು. ಅವರು ಗಿರಣಿಯೊಂದರಲ್ಲಿ ಟೈಂಕೀಪರ್. ರಾಜಾಜಿನಗರದ ನಮ್ಮ ಎರಡು ಕೋಣೆಯ ಮನೆ ಗಿರಣಿಯ ಸೈರನ್ನಿಗೆ ಏಳುತ್ತಿತ್ತು, ಉಣ್ಣುತ್ತಿತ್ತು, ಮಲಗುತ್ತಿತ್ತು. ವರ್ಷಕ್ಕೊಮ್ಮೆ ಅವರು ಕಪ್ಪು ದ್ರಾಕ್ಷಿ ತರುತ್ತಿದ್ದರು. ಬೆಂಗಳೂರು ನೀಲಿ ಎನ್ನುತ್ತಾರಲ್ಲ, ದಪ್ಪ ಸಿಪ್ಪೆ, ಒಳಗೆ ಜಾರುವ ತಿರುಳು, ಹುಳಿಸಿಹಿ, ಅದು. ನಾಲ್ಕು ಮಕ್ಕಳಿಗೆ ತಲಾ ಹನ್ನೆರಡು. ಬೀಜ ನುಂಗಕೂಡದು, ತಟ್ಟೆಯ ಅಂಚಿನಲ್ಲಿ ಇಡಬೇಕು. ಕೊನೆಗೆ ತಂದೆ ಬಂದು ಬೀಜ ಎಣಿಸುವರು. ಒಂದೊಂದು ಹಣ್ಣಿಗೆ ಎಷ್ಟು ಬೀಜ ಎಂದು ದೇವರಿಗೂ ಗೊತ್ತಿಲ್ಲದಿರುವಾಗ ಅವರು ಯಾವ ಲೆಕ್ಕಕ್ಕೆ ತಾಳೆ ನೋಡುತ್ತಿದ್ದರೋ! ಆದರೂ ಅವರು 'ಹ್ಞೂಂ' ಎನ್ನುವವರೆಗೆ ನಾವು ತಟ್ಟೆಯ ಮುಂದಿಂದ ಏಳುವಂತಿರಲಿಲ್ಲ. ನಾನು ಒಂದು ಸಲ ಮೂರು ಬೀಜ ನುಂಗಿ, ಹೊಟ್ಟೆಯಲ್ಲಿ ಬಳ್ಳಿ ಹಬ್ಬೀತೆಂದು ವಾರವಿಡೀ ಹೊಕ್ಕುಳು ನೋಡಿಕೊಂಡದ್ದುಂಟು.

ನಾನು ಕಾಂಪೌಂಡರ್ ಆದಮೇಲೆ ಅದೇ ದ್ರಾಕ್ಷಿಯನ್ನು ಬುಟ್ಟಿಯಲ್ಲಿ ಹೊತ್ತು ಕೆಂಗೇರಿಯ ಆಚೆಯ ಹಳ್ಳಿಯಿಂದ ನಮ್ಮ ಬೀದಿಗಳಿಗೆ ಬರುತ್ತಿದ್ದವಳು ಗಂಗಮ್ಮ. ಮಾರಾಟ ಮುಗಿದ ಮೇಲೆ ದವಾಖಾನೆಯ ಜಗುಲಿಯಲ್ಲಿ ಬುಟ್ಟಿ ಇಳಿಸಿ, ನೀರು ಕುಡಿದು ಬಸ್ಸಿಗೆ ಹೋಗುವಳು. ಒಂದು ದಿನ ಹೋಗಲಿಲ್ಲ. ರೋಗಿಗಳೆಲ್ಲ ಕರಗಿದರು, ಡಾಕ್ಟರು ಯಾರದೋ ಮನೆಗೆ ನೋಡಲು ಹೋದರು, ಅವಳು ನಿಂತೇ ಇದ್ದಳು.

"ಕಾಂಪೌಂಡ್ರೇ, ಕುಡ್ತ ಬಿಡ್ಸೋ ಔಸ್ತಿ ಇದ್ರೆ ಕೊಡಿ."

ಗಂಡ ಮುನಿಯಪ್ಪ ಸಾರಾಯಿ ಅಂಗಡಿಯಿಂದ ನೆಟ್ಟಗೆ ಮನೆಗೆ ಬಂದು ತಿಂಗಳುಗಳಾಗಿದ್ದವು. ಅಂಥ ಔಷಧಿ ನಮ್ಮ ಬೀರುವಿನಲ್ಲಿರಲಿಲ್ಲ. ಡಾಕ್ಟರು ಬರಲಿ ಎನ್ನಬೇಕಿತ್ತು. ಅನ್ನಲಿಲ್ಲ. ನನ್ನ ಮೂವತ್ತಾರು ವರ್ಷದಲ್ಲಿ ಚೀಟಿಯಿಲ್ಲದೆ ಬೆರೆಸಿದ ಮಿಕ್ಸ್ಚರ್ ಅದೊಂದೇ: ಓಮಿನ ನೀರು, ಸಕ್ಕರೆ ಪಾಕ, ಕೆಂಪು ಬಣ್ಣ. ಇಪ್ಪತ್ತೊಂದು ಕಚ್ಚಿನ ಪಟ್ಟಿ ಅಂಟಿಸಿ, ಮಾರನೆಯ ದಿನ ಮುನಿಯಪ್ಪನನ್ನೇ ಕರೆಸಿ, ನನ್ನ ತಂದೆಯ ದನಿ ಕಡ ತಂದು ಹೇಳಿದೆ: "ಬೆಳಗ್ಗೆ ಆರು, ಮಧ್ಯಾಹ್ನ ಒಂದು, ರಾತ್ರಿ ಎಂಟು. ಮನೇಲೇ ಕೂತು ತಗೋಬೇಕು. ಒಂದು ಹೊತ್ತು ತಪ್ಪಿದ್ರೂ ಮೊದಲಿನಿಂದ ಶುರು. ಸೋಮವಾರ ಬಾಟ್ಲಿ ತಂದು ತೋರಿಸಬೇಕು."

ಸೋಮವಾರ ಅವನು ಬಂದ. ಬಾಟಲಿ ಸರಿಯಾಗಿ ಖಾಲಿಯಾಗಿತ್ತು. ಅದರ ಮುಂದಿನ ಸೋಮವಾರವೂ ಬಂದ. ಎಂಟು ತಿಂಗಳು ಬಂದ. ಆಮೇಲೆ ಬರುವುದು ನಿಲ್ಲಿಸಿದ, ಅಷ್ಟರಲ್ಲಿ ಕುಡಿಯುವುದನ್ನೂ ನಿಲ್ಲಿಸಿದ್ದ. ಬಹಳ ವರ್ಷ ಬದುಕಿದ, ದ್ರಾಕ್ಷಿ ಚಪ್ಪರದ ಕೆಳಗೆ ಮಂಚ ಹಾಕಿಕೊಂಡು ನೆಮ್ಮದಿಯಾಗಿ ಹೋದ. ಗಂಗಮ್ಮನ ಕಣ್ಣಿನಲ್ಲಿ ನಾನು ಡಾಕ್ಟರಿಗಿಂತ ಒಂದು ಮೆಟ್ಟಿಲು ಮೇಲಿದ್ದೆ. ಓಮಿನ ನೀರಿನ ವಿಷಯ ನಾನು ಯಾರಿಗೂ ಹೇಳಿರಲಿಲ್ಲ, ಸುಶೀಲಳಿಗೂ.

ಇಷ್ಟು ಹಿಂದಿನ ಮಾತು. ಕಳೆದ ಅವರೆಕಾಯಿಯ ಕಾಲದಲ್ಲಿ ಒಂದು ಬೆಳಗ್ಗೆ, ನಾನು ಪೇಪರಿನ ಮೂರನೆಯ ಪುಟದಲ್ಲಿದ್ದಾಗ, ಗಂಗಮ್ಮ ಬಂದಳು. ಎಪ್ಪತ್ತು ದಾಟಿದೆ, ಬುಟ್ಟಿ ಇಲ್ಲ, ನಡಿಗೆ ಮಾತ್ರ ಬುಟ್ಟಿ ಹೊತ್ತವಳದೇ. ಸೋಫಾದ ತುದಿಯಲ್ಲಿ ಕೂತು, ಟವೆಲ್ಲಿನಲ್ಲಿ ಸುತ್ತಿದ್ದ ಬಾಟಲಿಯನ್ನು ಮಗುವನ್ನು ಇಳಿಸಿದಂತೆ ಮೇಜಿನ ಮೇಲೆ ಇಳಿಸಿದಳು.

"ಇದನ್ನ ಒಸಿ ಕುಡ್ದು ನೋಡಿ ಹೇಳ್ಬೇಕು ನೀವು."

"ಏನಿದು ಗಂಗಮ್ಮ?"

"ವೈನು."

ಒಳಗಿದ್ದ ಸುಶೀಲ ಸೌಟಿನ ಸಮೇತ ಹೊರಗೆ ಬಂದಳು. "ಸರಿಹೋಯ್ತು! ನಮ್ಮನೆಯವರು ನೀರನ್ನೇ ಅಳೆದು ಕುಡೀತಾರೆ. ಅವರ ಕೈಗೆ ವೈನ್ ಕೊಡ್ತೀರಲ್ಲ ಗಂಗಮ್ಮ!"

"ಅದ್ಕೇ ತಂದಿರೋದು ಕಣಮ್ಮ" ಎಂದಳು ಗಂಗಮ್ಮ.

ವಿಷಯ ಇಷ್ಟು. ಊರಿನ ಹೊಲವೆಲ್ಲ ಲೇಔಟ್ ಆದಮೇಲೂ ಅವಳ ಹೆಸರಿನಲ್ಲಿ ಎರಡೆಕರೆ ದ್ರಾಕ್ಷಿ ತೋಟ ಉಳಿದಿತ್ತು. ಮಗ ಮಂಜುನಾಥ, ಸೊಸೆ ಶೋಭಾ ಅದಕ್ಕೆ ಗೊಬ್ಬರದಂಗಡಿಯ ಪುಡಿ ಮುಟ್ಟಿಸದೆ, ಸಗಣಿ, ಗಂಜಲ, ಬೇವಿನ ಹಿಂಡಿಯಲ್ಲೇ ಬೆಳೆದು, ಮನೆಯ ಪಕ್ಕದ ಶೆಡ್ಡಿನಲ್ಲಿ ಪರವಾನಗಿ ಪಡೆದು ವೈನ್ ಮಾಡಲು ಇಳಿದಿದ್ದರು. ನಮ್ಮ ನೀಲಿ ದ್ರಾಕ್ಷಿ ಮುಕ್ಕಾಲು ಪಾಲು, ಶಿರಾಜ್ ಎಂಬ ಹೊರಗಿನ ಜಾತಿ ಕಾಲು ಪಾಲು, ಎರಡನ್ನೂ ಬೆರೆಸಿದ ಕೆಂಪು ವೈನು. ಪೀಪಾಯಿಯಲ್ಲಿ ಮಾಗಿ ಕೂತಿತ್ತು, ಮಾದರಿಗೆ ತುಂಬಿದ ಒಂದೆರಡು ಬಿಟ್ಟರೆ ಬಾಟಲಿಗೆ ತುಂಬುವುದೊಂದು ಬಾಕಿ. ಆಗ ಗಂಗಮ್ಮ ಅಡ್ಡ ನಿಂತಿದ್ದಳು.

"ಒಂದ್ಸಲ ಆ ಸನಿ ಮನೆಗೆ ಬಂದು ಹೋಗೈತೆ. ಈಗ ನಮ್ ಕೈಯಾರೆ ನಾವೇ ಮಾಡಿ ಇನ್ನೊಬ್ರ ಮನೆಗೆ ಕಳ್ಸಾದಾ? ಸೊಸೆ ಹೇಳ್ತಾಳೆ, ಅದು ಬ್ಯಾರೆ ಇದು ಬ್ಯಾರೆ ಅಂತ. ನಂಗೇನ್ ಗೊತ್ತಾಯ್ತದೆ? ನೀವು ಕುಡ್ದು, ಇದು ಮನೆ ಮುರ್ಯೋ ಪದಾರ್ಥ ಅಲ್ಲ ಅಂದ್ರೆ ಮಾಡ್ಕಳ್ಳಿ. ಅಲ್ಲಾಂದ್ರೆ ಬಳ್ಳಿ ಕೀಳ್ಸಿ, ಪಕ್ಕದ ಕಲ್ಯಾಣ ಮಂಟಪದೋರು ಕಾರು ನಿಲ್ಸಕ್ಕೆ ಜಾಗ ಕೇಳ್ತಾವ್ರೆ, ಕೊಟ್ಬುಡ್ತೀನಿ."

ನೋಡಿ, ಎರಡೆಕರೆ ಬಳ್ಳಿ, ಆ ಸೊಸೆಯ ಮೂರು ವರ್ಷದ ದುಡಿಮೆ, ಎಲ್ಲ ಬಂದು ನನ್ನ ನಾಲಗೆಯ ಮೇಲೆ ಕೂತವು. ಆ ನಾಲಗೆಯೋ, ದ್ರಾಕ್ಷಾರಿಷ್ಟಕ್ಕಿಂತ ಆಚೆಗೆ ಯಾವುದನ್ನೂ ಕಂಡಿರಲಿಲ್ಲ. ಬಾಲ್ಯದಲ್ಲಿ ಜ್ವರ ಬಿಟ್ಟ ಮೇಲೆ ಅಮ್ಮ ಕೊಡುತ್ತಿದ್ದ ದ್ರಾಕ್ಷಾರಿಷ್ಟ: ಎರಡು ಚಮಚ, ಅಷ್ಟೇ ನೀರು, ಊಟವಾದ ಮೇಲೆ. ವೈನೂ ದ್ರಾಕ್ಷಿಯದು, ಇದೂ ದ್ರಾಕ್ಷಿಯದು. ನಾನು ಅದೇ ದಾರಿ ಹಿಡಿದೆ.

ಬಾಟಲಿಯಲ್ಲಿ ಮುಕ್ಕಾಲು ಲೀಟರು. ದಿನಕ್ಕೆ ಒಂದು ಔನ್ಸಿನಂತೆ ಇಪ್ಪತ್ತೈದು ದಿನ. ಅಷ್ಟು ಮಡಿಕೆ ಕತ್ತರಿಗೆ ಬಗ್ಗುವುದಿಲ್ಲವಾದ್ದರಿಂದ ಸ್ಕೇಲಿಟ್ಟು ಗುರುತು ಹಾಕಿ ಒಂದೊಂದೇ ಕಚ್ಚು ಕತ್ತರಿಸಿದೆ. ಹಳೆಯ ಔನ್ಸ್ ಗ್ಲಾಸು ಬೀರುವಿನಲ್ಲೇ ಇತ್ತು. ಮಧ್ಯಾಹ್ನ ಒಂದೂ ಐದಕ್ಕೆ, ಮಜ್ಜಿಗೆ ಅನ್ನ ಮುಗಿದ ಮೇಲೆ, ಒಂದು ಔನ್ಸು ವೈನು, ಒಂದು ಔನ್ಸು ಕಾಯಿಸಿ ಆರಿಸಿದ ನೀರು. ಕುಡಿದು, ನಾಡಿ ಹಿಡಿದು ನೋಡಿಕೊಂಡು, ನೋಟ್‌ಬುಕ್ಕಿನಲ್ಲಿ ಬರೆಯುವುದು. ಬಾಟಲಿಯನ್ನು ಔಷಧಿಗಳ ಜೊತೆ ಊಟದ ಮನೆಯ ಕಿಟಕಿಯಲ್ಲಿಟ್ಟೆ, ಮರೆಯದಿರಲಿ ಎಂದು.

ಮೊದಲ ದಿನ: 'ಒಗರು. ತಲೆ ಸುತ್ತಿಲ್ಲ. ನಾಡಿ ಎಪ್ಪತ್ತೆರಡು.' ಎರಡನೆಯ ದಿನ: 'ಒಗರು. ನೇರಳೆಹಣ್ಣಿನ ನೆನಪು. ನಾಡಿ ಎಪ್ಪತ್ತೆರಡು.' ಸುಶೀಲ ಎದುರಿಗೆ ಕೂತು ನೋಡುವಳು. "ಏನಾದ್ರೂ ಆಗ್ತಾ ಇದ್ಯಾ ರೀ? ಹಾಡು ಗೀಡು ಬರ್ತಾ ಇದ್ಯಾ?" ಎನ್ನುವಳು. ಬರಲಿಲ್ಲ. ಎಂಟನೆಯ ದಿನ: 'ಸ್ವಲ್ಪ ಹುಳಿ.' ಹನ್ನೊಂದನೆಯ ದಿನ: 'ಹುಳಿ. ಮೂಗಿಗೆ ಹೊಡೆಯುವ ವಾಸನೆ.' ಹದಿನಾಲ್ಕನೆಯ ದಿನ ಮುಖ ಕಿವುಚಿ, ಕಣ್ಣಲ್ಲಿ ನೀರು ಬಂದು, ಕೆಮ್ಮಿದೆ. ಸುಶೀಲ ಉಳಿದ ತೊಟ್ಟಿಗೆ ಬೆರಳು ಅದ್ದಿ ನೆಕ್ಕಿ, "ಹೋಟೆಲಲ್ಲಿ ಈರುಳ್ಳಿಗೆ ಹಾಕ್ತಾರಲ್ಲ, ಅದೇ ಇದು" ಎಂದಳು.

ನಾನು ಸುಳ್ಳು ವರದಿ ಕೊಡುವವನಲ್ಲ. ಗಂಗಮ್ಮನಿಗೆ ಫೋನ್ ಮಾಡಿ, "ಅಮಲೇನೂ ಇಲ್ಲ, ಆದರೆ ಪದಾರ್ಥ ಕೆಟ್ಟಿದೆ, ಹುಳಿ ಬಂದಿದೆ" ಎಂದೆ. ಅವಳು, "ಅಂಗಾದ್ರೆ ಬ್ಯಾಡ ಬಿಡಿ. ಮಂಟಪದೋರ್‌ಗೆ ಹೇಳ್ಕಳಿಸ್ತೀನಿ" ಎಂದಳು.

ಮಾರನೆಯ ದಿನ ಹತ್ತೂ ಹತ್ತಕ್ಕೆ ಸೊಸೆ ಶೋಭಾ ನಮ್ಮ ಬಾಗಿಲಲ್ಲಿದ್ದಳು. ಸ್ಕೂಟರಿನಲ್ಲಿ ಬಂದಿದ್ದಳು, ಹೆಲ್ಮೆಟ್ಟು ತೆಗೆದಿರಲಿಲ್ಲ.

"ಸಾರ್, ಹುಳಿ ಅಂದ್ರಂತೆ. ಪೀಪಾಯಿಯಲ್ಲಿ ಇವತ್ತು ಬೆಳಗ್ಗೆ ನೋಡ್ದೆ, ಚೆನ್ನಾಗಿದೆ. ಬಾಟ್ಲಿ ತೋರಿಸ್ತೀರಾ?"

ಕಿಟಕಿಯತ್ತ ಕೈ ತೋರಿಸಿದೆ. ಬೆಳಗಿನ ಬಿಸಿಲು ನೇರವಾಗಿ ಬಾಟಲಿಯ ಮೇಲೆ ಬಿದ್ದು, ವೈನು ಮಾಣಿಕ್ಯದ ಹಾಗೆ ಹೊಳೆಯುತ್ತಿತ್ತು. ಶೋಭಾ ಹತ್ತಿರ ಹೋಗಿ ಪಟ್ಟಿ ನೋಡಿದಳು. ಹದಿನಾಲ್ಕು ಕಚ್ಚು ಇಳಿದ ವೈನನ್ನು ನೋಡಿದಳು. ಹೆಲ್ಮೆಟ್ಟು ತೆಗೆದಳು.

"ಇದೇನ್ ಸಾರ್ ಇದು?"

"ಡೋಸು."

ಅವಳು ನಕ್ಕಳು. ನಗುತ್ತಾ ಊಟದ ಮೇಜಿನ ಕುರ್ಚಿಯಲ್ಲಿ ಕೂತಳು. ನಗು ನಿಂತಾಗ ಅವಳ ಕಣ್ಣಲ್ಲಿ ನೀರಿತ್ತು, ಅದು ನಗುವಿನದು ಮಾತ್ರ ಅಲ್ಲ.

"ಬೂಚು ತೆಗೆದ ಮೇಲೆ ಎರಡು ದಿನ, ಹೆಚ್ಚೆಂದ್ರೆ ಮೂರು ದಿನ ಸಾರ್. ಗಾಳಿ ಆಡಿದ್ರೆ ವಿನಿಗರ್ ಆಗುತ್ತೆ. ಅದೂ ಬಿಸಿಲಲ್ಲಿ! ಮೂರು ವರ್ಷ ಆ ಬಳ್ಳಿ ಹಿಂದೆ ಮಗು ಹಿಂದೆ ಓಡ್ದಂಗೆ ಓಡಿದೀನಿ. ನೀವು ಎರಡು ವಾರ ಕಿಟಕೀಲಿಟ್ಟು ಕೆಟ್ಟಿದೆ ಅಂತ ಹೇಳ್ಬಿಟ್ರಲ್ಲ ನಮ್ಮತ್ತೆಗೆ!"

ಮೂವತ್ತಾರು ವರ್ಷ 'ಬಿಗಿಯಾಗಿ ಮುಚ್ಚಿ, ತಂಪಾದ, ಬೆಳಕು ಬೀಳದ ಜಾಗದಲ್ಲಿ ಇಡಿ' ಎಂದು ಊರಿಗೆಲ್ಲ ಹೇಳಿದವನು ನಾನೇ. ಸುಶೀಲ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಬರೆದುಕೊಳ್ಳಿ ರೀ, ನಾಡಿ ಎಷ್ಟಿದೆ ಈಗ?" ಎಂದಳು. ನೋಡಿಕೊಳ್ಳಲಿಲ್ಲ. ತೊಂಬತ್ತರ ಮೇಲಿದ್ದಿರಬೇಕು.

"ಭಾನುವಾರ ನಾವೇ ಬರ್ತೀವಿ ಕಣಮ್ಮ" ಎಂದೆ. "ನಿಮ್ಮತ್ತೆ ಎದುರಿಗೇ ಹೊಸ ಬಾಟ್ಲಿ ತೆಗಿ."

ಭಾನುವಾರ ನಾನು ಎಂದೂ ಹೊರಗೆ ಉಣ್ಣುವವನಲ್ಲ. ಒಂದೂವರೆಯಿಂದ ಎರಡೂಕಾಲರವರೆಗೆ ಮಲಗುವ ಹೊತ್ತು. ಆದರೂ ವಿಜಯನಗರದಲ್ಲಿ ಮೆಟ್ರೊ ಹತ್ತಿ ಕೆಂಗೇರಿಯಲ್ಲಿ ಇಳಿದು, ಅಲ್ಲಿಂದ ಆಟೋ ಹಿಡಿದೆವು. ಎರಡು ಕಡೆ ನಾಲ್ಕಂತಸ್ತಿನ ಮನೆಗಳು, ನಡುವೆ ಅಂಗೈಯಷ್ಟು ಹಸಿರು. ಚಪ್ಪರದ ಕೆಳಗೆ ಕಾಲಿಟ್ಟರೆ ತಂಪು. ಅತ್ತ ಬೇಲಿಯಾಚೆ ಕಲ್ಯಾಣ ಮಂಟಪದ ಓಲಗ ಕೇಳುತ್ತಿತ್ತು, ಕಾರುಗಳು ರಸ್ತೆಯುದ್ದಕ್ಕೂ ನಿಂತಿದ್ದವು. ಒಬ್ಬ ಡ್ರೈವರ್ ಬೇಲಿಯ ಮೇಲಿಂದ ಇಣುಕಿ, ಜಾಗವನ್ನು ಕಣ್ಣಲ್ಲೇ ಅಳೆಯುತ್ತಿದ್ದ.

ರಾಗಿಮುದ್ದೆ, ಅವರೆಕಾಳಿನ ಸಾರು, ಹುರುಳಿಕಾಯಿ ಪಲ್ಯ. ಮಂಜುನಾಥ ಬಡಿಸಿದ. ಶೋಭಾ ಹೊಸ ಬಾಟಲಿಯ ಬೂಚು ತೆಗೆದು, ನೀರು ಬೆರೆಸದೆ, ನನ್ನ ಸ್ಟೀಲ್ ಲೋಟಕ್ಕೆ ನಾಲ್ಕು ಬೆರಳಷ್ಟು ಹಾಕಿದಳು. ಗಂಗಮ್ಮ ನನ್ನ ಎದುರಿಗೆ, ಫಲಿತಾಂಶಕ್ಕೆ ಕಾಯುವ ತಾಯಿಯ ಹಾಗೆ ಕೂತಿದ್ದಳು.

ಕುಡಿದೆ. ಮೊದಲು ನಾಲಗೆಯ ಮೇಲೆ ನೇರಳೆಯ ಒಗರು. ಅದು ಕರಗಿದ ಮೇಲೆ ಹುಳಿಸಿಹಿ, ತಟ್ಟೆಯಲ್ಲಿದ್ದ ಹನ್ನೆರಡು ಹಣ್ಣುಗಳದ್ದೇ, ಸಂಶಯವೇ ಇಲ್ಲ. ಕೊನೆಗೆ ಗಂಟಲಿನ ಹತ್ತಿರ ಒಂದು ಸಣ್ಣ ಮೆಣಸಿನ ಕಾವು. ಇನ್ನೊಂದು ಗುಟುಕು ಕುಡಿದೆ, ಪರೀಕ್ಷೆಗೆಂದು. ಮೂರನೆಯದು ಪರೀಕ್ಷೆಗಲ್ಲ. ಮುದ್ದೆ ತಿಂದ ಬಾಯಿಗೆ ಅದು ಹೇಗೆ ಹೊಂದಿತೋ, ನಾನು ಬೀಜ ಇಡಲು ತಟ್ಟೆಯ ಅಂಚು ಹುಡುಕಿದೆ ಎಂದರೆ ನೀವು ನಗುತ್ತೀರಿ.

"ಚೆನ್ನಾಗಿದೆ ಗಂಗಮ್ಮ" ಎಂದೆ. "ಮೊದಲು ಹೇಳಿದ್ದು ತಪ್ಪು. ಕೆಡಿಸಿದ್ದು ನಾನು."

"ಸರಿ ಬುಡಿ" ಎಂದಳು ಗಂಗಮ್ಮ, ಒಂದೇ ಉಸಿರಿಗೆ. "ನೀವಂದ್ ಮೇಲೆ ಮುಗೀತು. ಅವತ್ತು ನಿಮ್ ಕೆಂಪು ಔಸ್ತಿ ನನ್ ಮನೆ ಉಳಿಸ್ತು. ನಿಮ್ ಮಾತ್ಗೆ ಎದುರು ಮಾತಿಲ್ಲ."

ಶೋಭಾಳ ಮುಖ ಅರಳಿತು. ಊಟ ಅಲ್ಲಿಗೆ ಮುಗಿದಿದ್ದರೆ ಎಲ್ಲರಿಗೂ ಒಳ್ಳೆಯದಿತ್ತು. ಆದರೆ ನಾನು ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದೆ. ಮೊನ್ನೆ ನನ್ನ ಒಂದು ತಪ್ಪು ವರದಿಯಿಂದ ಆ ತೋಟ ಹೋಗುವುದರಲ್ಲಿತ್ತು. ಈಗ ಅದು ಉಳಿಯುತ್ತಿರುವುದು ಇನ್ನೊಂದು ಸುಳ್ಳಿನ ಮೇಲೆ. ತಂದೆ ತಟ್ಟೆಯ ಮುಂದೆ ಬಂದು ನಿಂತಂತಾಯಿತು.

"ಗಂಗಮ್ಮ, ಆ ಔಷಧಿ ಔಷಧಿಯೇ ಅಲ್ಲ. ಓಮಿನ ನೀರು, ಸಕ್ಕರೆ, ಬಣ್ಣ. ಡಾಕ್ಟರು ಬರೆದದ್ದೂ ಅಲ್ಲ. ನಾನೇ ಬೆರೆಸಿ ಕೊಟ್ಟೆ. ನನ್ನ ಮಾತು ನಂಬಿ ಏನನ್ನೂ ಮಾಡಬೇಡಿ. ನೀವೇ ನೋಡಿ ತೀರ್ಮಾನ ಮಾಡಿ."

ಸುಶೀಲ ನನ್ನನ್ನು ಹೊಸಬನನ್ನು ನೋಡುವಂತೆ ನೋಡಿದಳು. ಶೋಭಾ ಬಾಟಲಿ ಹಿಡಿದುಕೊಂಡೇ ನಿಂತಳು. ಗಂಗಮ್ಮ ಮಾತ್ರ ಮುದ್ದೆಯ ತುತ್ತು ಸಾರಿಗೆ ಅದ್ದಿ, ನುಂಗಿ, ಕೈ ತಟ್ಟೆಯಲ್ಲೇ ಇಟ್ಟು ಹೇಳಿದಳು:

"ಗೊತ್ತಿತ್ತಲ್ಲ ನಂಗೆ."

"ಏನು?"

"ಇವ್ನು ಮಂಜ, ಚಿಕ್ಕೋನಿದ್ದಾಗ ಹೊಟ್ಟೆನೋವು ಅಂತ ನಿಮ್ತಾವ ಕರ್ಕಂಡ್ ಬಂದಿದ್ನಲ್ಲ. ಅದೇ ಕೆಂಪು ಔಸ್ತಿ ಕೊಟ್ರಿ. ಅದೇ ವಾಸ್ನೆ. ಅಪ್ಪನ್ ಕುಡ್ತಕ್ಕೂ ಮಗನ್ ಗ್ಯಾಸಿಗೂ ಒಂದೇ ಔಸ್ತಿನಾ ಅಂತ ಬಸ್ಸಲ್ಲಿ ನಕ್ಕಂಡ್ ನಕ್ಕಂಡ್ ಬಂದೆ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಯಾಕ್ ಹೇಳ್ಲಿ? ಎಂಟ್ ಗಂಟೆಗೆ ಮನೇಲಿರ್ಬೇಕು, ಇಲ್ದಿದ್ರೆ ಕಾಂಪೌಂಡ್ರು ಕಚ್ಚು ನೋಡಿ ಬಯ್ತಾರೆ ಅಂತ ನಮ್ಮೆಜಮಾನ್ರು ಅರ್ಧ ಲೋಟ ಬಿಟ್ಟು ಓಡ್ಬರೋರು. ಬರ್‍ತಾ ಬರ್‍ತಾ ಆ ಅಂಗ್ಡಿಗೆ ಹೋಗೋಕೇ ಪುರ್ಸೊತ್ತಿಲ್ದಂಗಾಯ್ತು. ಬಾಟ್ಲಿ ಒಳಗ್ ಏನಿದ್ರೇನು ಸಾರ್? ನನ್ ಮನೆ ಉಳಿಸಿದ್ದು ಹೊರಗ್ ಅಂಟ್ಸಿದ್ ಚೀಟಿ."

ನನ್ನ ನಲವತ್ತು ವರ್ಷದ ಗುಟ್ಟು ಅವಳ ಕೈಯಲ್ಲಿ ಮುದ್ದೆಯಷ್ಟು ಸಲೀಸಾಗಿ ಮುರಿಯಿತು. ಅವಳು ಎಡಗೈಯಲ್ಲಿ ಬಾಟಲಿ ಇಸಿದುಕೊಂಡು ಮೂಸಿ ನೋಡಿದಳು. ಇನ್ನೊಮ್ಮೆ ಮೂಸಿದಳು. "ನನ್ ಬುಟ್ಟಿ ವಾಸ್ನೆ" ಎಂದಳು, ತನಗೆ ತಾನೇ. ಆಮೇಲೆ ಬಾಟಲಿಯ ಬೆತ್ತಲೆ ಮೈಯನ್ನು ಸೊಸೆಗೆ ತೋರಿಸಿ, "ಇದಕ್ಕೂ ಅಂಥ ಚೀಟಿ ಅಂಟ್ಸು ಕಣವ್ವ. ಏಟು ಕುಡೀಬೇಕು, ಎಲ್ಲಿ ನಿಲ್ಲಿಸ್ಬೇಕು ಅಂತ ಕಣ್ಣಿಗೆ ಕಾಣ್ಲಿ. ಆಮೇಲೆ ಮಾರ್ಕೋ" ಎಂದಳು.

ಅಂದು ನಾನು ಮಧ್ಯಾಹ್ನದ ನಿದ್ದೆಯನ್ನು ಚಪ್ಪರದ ಕೆಳಗೆ, ಮುನಿಯಪ್ಪನ ಮಂಚದ ಮೇಲೆ, ಅರ್ಧ ಗಂಟೆ ತಡವಾಗಿ ಮಾಡಿದೆ. ಓಲಗ ನಡೆದೇ ಇತ್ತು. ಡ್ರೈವರ್ ಬೇಲಿ ಬಿಟ್ಟು ಹೋಗಿದ್ದ.

ಈಗ ಆ ವೈನು ಅಂಗಡಿಗೆ ಬಂದಿದೆ. ಲೇಬಲ್ಲಿನ ಅಂಚಿನಲ್ಲಿ ಐದು ಕಚ್ಚುಗಳಿವೆ, ಒಬ್ಬರಿಗೆ ಒಂದು. ಕೊಳ್ಳುವವರು ಅದನ್ನು ಹೊಸ ಡಿಸೈನ್ ಎಂದುಕೊಳ್ಳುತ್ತಾರಂತೆ. ಮಾದರಿ ಕತ್ತರಿಸಿ ಕೊಟ್ಟದ್ದು ನಾನು. ಕೆಟ್ಟ ವೈನನ್ನು ಸುಶೀಲ ಎಸೆಯಲಿಲ್ಲ, ತಿಂಗಳಿಡೀ ಈರುಳ್ಳಿಗೆ ಹಾಕಿ ಮುಗಿಸಿ, ಬಾಟಲಿಗೆ ಹರಳೆಣ್ಣೆ ತುಂಬಿದಳು. ಪಟ್ಟಿ ಕೀಳಲು ನಾನು ಬಿಡಲಿಲ್ಲ.

ತಿಂಗಳಿಗೊಂದು ಭಾನುವಾರ ಆ ಮೂವರೂ ನಮ್ಮ ಮನೆಗೆ ಊಟಕ್ಕೆ ಬರುತ್ತಾರೆ. ಒಂದು ಬಾಟಲಿ, ಐದು ಜನ. ಗಂಗಮ್ಮ ಕುಡಿಯುವುದಿಲ್ಲ, ಅವಳ ಪಾಲಿನ ಕಚ್ಚು ಬಾಟಲಿಯಲ್ಲೇ ಉಳಿಯಬೇಕು. ಕಳೆದ ಸಲ ಮಾತಿನ ಭರದಲ್ಲಿ ಇನ್ನಷ್ಟು ಹಾಕಿಕೊಂಡೆ, ಯಾರೂ ನೋಡಲಿಲ್ಲ ಎಂದುಕೊಂಡೆ. ಗಂಗಮ್ಮ ಬಾಟಲಿಯನ್ನು ಬೆಳಕಿಗೆ ಎತ್ತಿ ಹಿಡಿದು, ಹೆಬ್ಬೆರಳಿನ ಉಗುರನ್ನು ಲೇಬಲ್ಲಿನ ಮೇಲೆ ಊರಿದಳು.

"ಕಾಂಪೌಂಡ್ರೇ, ನಂದೂ ಅರ್ಧ ಇಳ್ದೈತೆ. ಮೊದ್ಲಿಂದ ಶುರು ಮಾಡ್ಸಲಾ?"